ಅವಳ ಅಳತೆಯ ಗಾಜು

ಗಾಜಿನ ಮೇಲೆ ಅವಳದೇ ಹೆಸರು!

ಬಾಗಿಲಲ್ಲೇ ನಿಂತ ಕಸ್ತೂರಿಯ ಕೈಯಿಂದ ಕೆಂಪು ಬಾಳೆಹಣ್ಣಿನ ಚೀಲ ಜಾರಿತು. ಮದುವೆ ನಿಶ್ಚಯವಾದ ಹುಡುಗನಿಗೆ ಹಣ್ಣು ಕೊಡೋಣವೆಂದು, ಕಮಲಾಪುರದಿಂದ ಬಸ್ಸು ಹತ್ತಿ ಹೇಳದೆ ಕೇಳದೆ ಬಂದಿದ್ದಳು. ಶಹಾಬಜಾರದ ಅವನ ಬಾಡಿಗೆ ಕೋಣೆಯ ಮೇಜಿನ ಮೇಲೆ ಗಾಜಿನದೊಂದು ಹೃದಯ. ಬೆರಳಷ್ಟು ಸಣ್ಣ ಪಂಪೊಂದು ಗುಂಯ್‌ಗುಡುತ್ತ ಅದರೊಳಗೆ ಕೆಂಪು ನೀರು ತಿರುಗಿಸುತ್ತಿತ್ತು. ಅಂಟಿಸಿದ ಚೀಟಿಯಲ್ಲಿ 'ಕಸ್ತೂರಿಬಾಯಿ ಅಂಬಣ್ಣ'.

"ಇದು ನಂದೇನ್ರಿ?"

ಮಿಲಿಂದ ತಬ್ಬಿಬ್ಬಾದ. "ಹೌದು... ನಿಮ್ಮಪ್ಪ ಕೊಟ್ಟ ಸ್ಕ್ಯಾನ್ ಫಿಲ್ಮ್ ನೋಡಿ ಮಾಡ್ಸೀನಿ."

ಬೌದ್ಧರ ಮನೆ, ಜಾತಕ ನೋಡುವ ರೂಢಿಯಿಲ್ಲ. ಕನ್ಯಾ ನೋಡಲು ಬಂದ ದಿನ ಅಪ್ಪ ಅಂಬಣ್ಣ ಆಸ್ಪತ್ರೆಯ ಫಿಲ್ಮನ್ನೇ ಮುಂದಿಟ್ಟಿದ್ದ. ಹುಟ್ಟಿನಿಂದಲೇ ಮಗಳ ಹೃದಯದ ಒಂದು ಕೋಣೆ ಬೆಳೆದಿಲ್ಲ, ಎರಡು ಆಪರೇಶನ್ ಆಗಿವೆ ಎಂದು ಬಚ್ಚಿಡದೆ ಹೇಳಿದ್ದ. ಮಿಲಿಂದನೋ, ಅಂಥವರ ರಕ್ತ ಮುಂದೆ ತಳ್ಳುವ ಪಂಪು ಮಾಡಿ ಡಾಕ್ಟರೇಟ್ ಡಿಗ್ರಿ ಪಡೆಯಲು ಹೊರಟ ಎಂಜಿನಿಯರು. ನೋಡಿದೊಡನೆ ಒಪ್ಪಿಬಿಟ್ಟಿದ್ದ.

ಯಾಕೆ ಒಪ್ಪಿದ ಎಂಬುದು ಈಗ ತಿಳಿಯಿತು... 'ಮೆಟ್ಟಿಲು ಹತ್ತಿದರ ದಮ್ಮು ಬರ್ತದೇನು?' ಎಂದು ಅವನು ಕೇಳಿದಾಗಲೆಲ್ಲ ಪ್ರೀತಿ ಎಂದುಕೊಂಡಿದ್ದಳು, ಹುಚ್ಚಿ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ಅವ್ವ ಗುಂಡಮ್ಮ ಸುಮ್ಮನೆ ಹೇಳುತ್ತಿದ್ದಳೇ?

"ಬಳಿಗಾರನೂ ಅಳತಿ ತಗೋತಾನ. ಆದ್ರ 'ಕೈ ಕೊಡವ್ವಾ' ಅಂತ ಕೇಳಿ ತಗೋತಾನ. ನಿಮಗ ಹೆಂಡತಿ ಬೇಕೋ, ಡಿಗ್ರಿಗಿ ಒಂದು ಎದಿ ಬೇಕೋ?"

ಉತ್ತರಕ್ಕೂ ಕಾಯದೆ ಹೊರಟುಬಿಟ್ಟಳು.

ಭಾನುವಾರ ಮಿಲಿಂದ ಕಮಲಾಪುರಕ್ಕೆ ಬಂದ. ಕೂತುಕೋ ಎಂದು ಅವಳು ಹೇಳಲಿಲ್ಲ. ಅವನು ಟವೆಲ್ಲಿನಲ್ಲಿ ಸುತ್ತಿದ್ದ ಗಾಜನ್ನು ಅವಳ ಮುಂದಿಟ್ಟ.

"ಕೇಳದ ಮಾಡ್ಸಿದ್ದು ನನ್ನ ತಪ್ಪು. ಒಡದ್ರೂ ಏನೂ ಅನ್ನಂಗಿಲ್ಲ."

"ಒಡದ್ರ ನಿಮ್ಮ ಡಿಗ್ರಿ ಹೋಗ್ತದಲ್ರಿ?"

"ಡಿಗ್ರಿಗಿ ಬ್ಯಾರೆ ಮಾದರಿ ಅದ, ಭಾಳ ಮಂದಿಗಿ ಹೊಂದೂ ಅಂಥಾದ್ದು. ನಿನ್ನ ರಕ್ತನಾಳ ತಿರುಗಿದ ರೀತಿನೇ ಬ್ಯಾರೆ. 'ಇದು ಒಬ್ಬಾಕಿಗೇ ಆಗೂದು, ಇದಕ್ಕ ಯಾರು ಡಿಗ್ರಿ ಕೊಡ್ತಾರ, ಬಿಡು' ಅಂದ್ರು ನಮ್ಮ ಸರ್. ನನಗ ಬಿಡಾಕ ಆಗಲಿಲ್ಲ."

ಕಸ್ತೂರಿ ಅವನ ಮುಖವನ್ನೇ ನೋಡಿದಳು. ಮಾತು ಸಿಹಿಯಾಗಿಯೇ ಇತ್ತು. ಸಿಹಿ ಮಾತಿಗೆ ಇನ್ನೊಮ್ಮೆ ಮೋಸ ಹೋಗಲು ಅವಳು ತಯಾರಿರಲಿಲ್ಲ.

"ಈ ಪಂಪು ಆಗಲಿಲ್ಲಂದ್ರ?"

"ಆಗದೇನೂ ಇರಬಹುದು. ಆಯ್ತಂದ್ರೂ ಭಾಳ ವರ್ಷ ಹಿಡೀತದ. ಅದಕ್ಕ ಮದುವಿ ಯಾಕ ತಡೀಬೇಕು?"

ಸುಳ್ಳನಾಗಿದ್ದರೆ 'ಆಗೇ ಆಗ್ತದ' ಅನ್ನುತ್ತಿದ್ದ. ಅಪ್ಪ ಫಿಲ್ಮು ಮುಂದಿಟ್ಟ ಹಾಗೆಯೇ ಇವನೂ ಇದ್ದದ್ದನ್ನು ಇದ್ದ ಹಾಗೆ ಮುಂದಿಟ್ಟಿದ್ದ. ಇವನನ್ನು ಕಳೆದುಕೊಳ್ಳುವ ಭಯ ತನಗೆ ಎಷ್ಟಿತ್ತೆಂದು ಅವಳಿಗೆ ಆಗ ಗೊತ್ತಾಯಿತು, ಕಣ್ಣು ತುಂಬಿತು.

ಗಾಜನ್ನು ಎರಡೂ ಕೈಯಿಂದ ಎತ್ತಿ ಬುದ್ಧನ ಫೋಟೋದ ಪಕ್ಕ ಇಟ್ಟಳು.

"ನಾಳಿಗಿ ಮದುವಿ ಬಳಿ ತೊಡಸಾಕ ಬಳಿಗಾರ ಬರ್ತಾನ. ನೀವೂ ಬರ್ರಿ."

"ನಾ ಬಂದು ಏನ್ ಮಾಡ್ಲಿ?"

"ಪಾಳಿ ಹಚ್ರಿ. ಅವ ಅಳತಿ ತಗೊಂಡ ಮ್ಯಾಲ ನಿಮ್ಮ ಪಾಳಿ... ಕೇಳಿ ತಗೋಬೇಕು ಮತ್ತ."

"ಈಗೇ ಕೇಳ್ಲೇನು?"

ಕಸ್ತೂರಿ ಕೈ ಚಾಚಿದಳು.