ಅಂಗೈಯ ಪೇಟಿಯಲ್ಲಿ ಇಲ್ಲದ ಸ್ವರ

"ಕೈಯಾಗ ಏನೈತ್ರಿ ಅದು? ಡಬ್ಬಿ ಒಳಗ ಬೆಕ್ಕಿನ ಮರಿ ಇಟ್ಟೀರೇನು?"

ಮಹಾನಂದಾ ಹಾಗೆ ಕೇಳಿದ್ದೇ ತಡ, ಬದುವಿನ ಮೇಲೆ ಕುಳಿತಿದ್ದ ಯಲ್ಲಾಲಿಂಗ ಬೆಚ್ಚಿ ಎದ್ದು ನಿಂತ. ತಿಕೋಟಾದ ಅವಳಪ್ಪನ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಲು ಬಂದವನು ಅವನು.

"ಇದೂ ನಿಮ್ಮ ಹಾರ್ಮೋನಿಯಂ ಇದ್ದಂಗ ಪೇಟಿನ ರೀ... ಕೈಪೇಟಿ. ವಿಜಯಪುರದ ಸ್ಟೇಷನ್ ರಸ್ತೆದಾಗ ಕೊಂಡೆ. ಅಂಗಡ್ಯಾವ ಕಾನ್ಸರ್ಟಿನಾ ಅಂದ, ನನ್ನ ನಾಲಿಗಿ ಹೊಳ್ಳಲಿಲ್ಲ."

ಆರು ಮೂಲೆಯ ಪುಟ್ಟ ಡಬ್ಬಿ. ನಡುವೆ ಮಡಿಕೆ ಮಡಿಕೆ ತೊಗಲು, ಎರಡೂ ಬದಿಗೆ ಗುಂಡಿಗಳು. ಎಳೆದರೆ ಹಾಡಿತು!

"ದೊಡ್ಡ ಪೇಟಿ ಹೊತ್ಕೊಂಡು ಕುರಿ ಹಿಂದ ಅಡ್ಡಾಡಾಕ ಆಗತೈತೇನ್ರಿ? ಇದಾದ್ರ ಜೋಳಿಗ್ಯಾಗ ರೊಟ್ಟಿ ಜೋಡಿ ಕುಂದರತೈತಿ."

ಮಹಾನಂದಾ ನಕ್ಕಳು. ಅಯ್ಯೋ, ಯಾಕಾದರೂ ನಕ್ಕೆನೋ ಎಂದು ಆಮೇಲೆ ಎಷ್ಟು ಹಳಹಳಿಸಿದಳು!

ಸಂಜೆಗೆ ಅವಳು ಹೊಲದಂಚಿನ ಮನೆಯ ಕಟ್ಟೆಯ ಮೇಲೆ ಹಾರ್ಮೋನಿಯಂ ಹಿಡಿದು ಭಜನೆ ಹಾಡಿದರೆ, ಅವನು ಎದುರಿನ ಬದುವಿನ ಮೇಲೆ ಕುಳಿತು ಅದನ್ನೇ ನುಡಿಸುತ್ತಿದ್ದ. ಆದರೆ ಎರಡನೇ ಸಾಲಿನಲ್ಲಿ, ಒಂದೇ ಜಾಗದಲ್ಲಿ, ಗಕ್ಕನೆ ನಿಲ್ಲಿಸುತ್ತಿದ್ದ. ನಿಲ್ಲಿಸಿ ಅವಳ ಮುಖ ನೋಡುತ್ತಿದ್ದ.

ಹಾಡಿನ ಅದೇ ಜಾಗದಲ್ಲಿ ಹಿಂದೊಮ್ಮೆ ಮಹಾನಂದಾಳ ಧ್ವನಿ ಒಡೆದು, ಭಜನೆಗೆ ಕೂಡಿದ್ದ ಮಂದಿಯೆಲ್ಲ ನಕ್ಕಿದ್ದರು. ಇವನಿಗೆ ಯಾರು ಹೇಳಿದರು?

"ನನ್ನ ಚಾಷ್ಟಿ ಮಾಡಾಕತ್ತೀರೇನು? ನಾಳೆ ಮುಂಜಾನೆ ನಿಮ್ಮ ಕುರಿ ನಮ್ಮ ಹೊಲದಾಗ ಇರಬಾರದು!"

"ಹಂಗಲ್ರೀ..." ಅಂದ. ಅಷ್ಟೇ. ಬಾಯಿ ಬರಬೇಕಾದಾಗಲೇ ಈ ಗಂಡಸರಿಗೆ ಬಾಯಿ ಬರುವುದಿಲ್ಲ ನೋಡಿ!

ಮುಂಜಾನೆ ಹೊಲ ಖಾಲಿಯಾಗಿತ್ತು. ಬದುವಿನ ಮೇಲೆ ಕೈಪೇಟಿ ಮಾತ್ರ ಉಳಿದಿತ್ತು.

ಮಹಾನಂದಾ ಅದನ್ನು ಎತ್ತಿಕೊಂಡು ತನ್ನ ಭಜನೆ ಹುಡುಕಿದಳು. ಗುಂಡಿ ಒತ್ತಿ ಹಿಡಿದು ಎಳೆದರೆ ಒಂದು ಸ್ವರ, ಒಳಗೆ ದೂಡಿದರೆ ಇನ್ನೊಂದು. ಎರಡನೇ ಸಾಲಿಗೆ ಬಂದಳು. ಅಲ್ಲಿ ಬರಬೇಕಾದ ಸ್ವರ, ಕೋಮಲ ನಿಷಾದ, ಎಲ್ಲಿ? ಎಲ್ಲ ಗುಂಡಿ ಒತ್ತಿದಳು. ಎಳೆದಳು, ದೂಡಿದಳು...

ಇಲ್ಲ! ಈ ಸಣ್ಣದರಲ್ಲಿ ಆ ಸ್ವರವೇ ಇಲ್ಲ!

'ಅವರು ಅಣಕಿಸಲಿಲ್ಲ... ಮುಂದೆ ಹೋಗಲು ಅವರಿಗೆ ದಾರಿಯೇ ಇರಲಿಲ್ಲ. ನಾನೇನು ಮಾಡಿಬಿಟ್ಟೆ!'

ಅಪ್ಪನ ಮೊಬೈಲಿನಿಂದ ಯಲ್ಲಾಲಿಂಗನಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್.

"ಯವ್ವಾ, ಕುರಿಯವರು ಎತ್ತಾಗ ಹೋದ್ರು?"

"ಮೇವಿದ್ದ ಕಡೆ ಹೋಗತಾರ. ಯಾರ ಹೇಳಬೇಕ ಬೇ?" ಅಂದಳು ತಾಯಿ ಸಕ್ರವ್ವ. "ನಾಡದ್ದು ಜೋರಾಪುರ ಪ್ಯಾಟಿಯ ಗಂಡಿನ ಕಡ್ಯಾರು ನಿನ್ನ ನೋಡಾಕ ಬರಾಕತ್ತಾರ. ಅದರ ಕಡೆ ಲಕ್ಷ್ಯ ಕೊಡು."

ಯಾರಿಗೆ ಹೇಳುವುದು? ಏನೆಂದು ಹೇಳುವುದು? ಮಹಾನಂದಾ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಅತ್ತಳು.

ಮರುದಿನ ಹಾಲಿನವರು ಬಬಲೇಶ್ವರದ ಕಡೆ ಕುರಿ ಕಂಡವೆಂದರು. ಗಾಂಧಿ ಚೌಕದಿಂದ ಬಳೆ ತರುವ ನೆವ ಹೇಳಿ ಅವಳು ವಿಜಯಪುರಕ್ಕೆ ಹೋಗಿ, ಅಲ್ಲಿಂದ ಬಬಲೇಶ್ವರದ ಬಸ್ ಹತ್ತಿದಳು. ಗದ್ದಲದಲ್ಲಿ ಕೈಪೇಟಿ ಇಟ್ಟಿದ್ದ ಅವಳ ಚೀಲ 'ಕುಂಯ್' ಎಂದಿತು.

"ನಾಯಿಮರಿ ಏನವಾ?" ಪಕ್ಕದ ಅಜ್ಜಿ ಕೇಳಿದಳು. ಮಹಾನಂದಾಳಿಗೆ ನಗುವೂ ಬಂತು, ಅಳುವೂ ಬಂತು.

ಊರಾಚೆ ಬೇವಿನ ಮರದ ಕೆಳಗೆ ಯಲ್ಲಾಲಿಂಗ ಸುಮ್ಮನೆ ಕುಳಿತಿದ್ದ.

"ಇದನ್ಯಾಕ ಬಿಟ್ಟ ಬಂದ್ರಿ?" ಎಂದು ಕೈಪೇಟಿಯನ್ನು ಅವನ ಕೈಗಿಟ್ಟಳು.

"ನಿಮಗ ನೋವ ಮಾಡಿದ್ದು ನನ್ನ ಕಡೆ ಯಾಕ ಬೇಕ್ರಿ?"

"ಆ ಸ್ವರ ಇದರಾಗ ಇಲ್ಲಂತ ಹೇಳಬಾರದೇನು!"

"ಹೇಳಾಕ ಬರಲಿಲ್ಲ. ಅದಕ್ಕ ನಿಮ್ಮ ಮಾರಿ ನೋಡತಿದ್ದೆ... ನೀವು ಹಾಡತೀರೇನೋ ಅಂತ."

"ನಾಳೆ ನನ್ನ ನೋಡಾಕ ಬರತಾರ," ಅವಳ ಕಣ್ಣು ತುಂಬಿದವು. "ನಾ ಏನ ಮಾಡ್ಲಿ ಹೇಳ್ರಿ!"

"ನಾನರ ಏನ ಹೇಳ್ಲಿ? ಇವತ್ತೊಂದ ಹೊಲ, ನಾಳೆ ಒಂದ ಹೊಲ. ನನ್ನ ಕೈಯಾಗ ಏನೈತಿ?"

ಕೈಯಲ್ಲಿದ್ದದ್ದು ಆ ಪೇಟಿ ಒಂದೇ. ಬೇರೇನೂ ತೋಚದೆ ನುಡಿಸತೊಡಗಿದ. ಎರಡನೇ ಸಾಲು ಬಂತು. ನಿಲ್ಲಿಸಿದ. ಅವಳ ಮುಖ ನೋಡಿದ.

ಮಹಾನಂದಾ ಹಾಡಿದಳು. ಧ್ವನಿ ಅಲ್ಲಿಯೇ ಮತ್ತೆ ಒಡೆಯಿತು. ಅವನು ನಗಲಿಲ್ಲ. ಅವಳ ಸ್ವರ ಹಿಡಿದು ಮುಂದಿನ ಸಾಲಿಗೆ ಹೋದ. ಭಜನೆ ಮುಗಿಯಿತು.

"ನೀ ಇಲ್ಲದ ನಾ ಮುಂದ ಹೋಗಾಕ ಆಗಂಗಿಲ್ಲ, ಮಹಾನಂದಾ. ಈಗ ನಿನ್ನ ಜೋಡಿ ಬಂದು ನಿಮ್ಮಪ್ಪನ ಕೇಳತೇನಿ."

"ಅಪ್ಪ ಒಲ್ಲೆ ಅಂದ್ರ?"

"ಹೂಂ ಅನ್ನೂತನಕ ನಿಮ್ಮ ಬದುವಿನ ಮ್ಯಾಲ ಕುಂದರತೇನಿ. ಆದ್ರ ವಿಚಾರ ಮಾಡು... ಪೇಟಿ ಸಣ್ಣದೈತಿ, ಜೋಳಿಗ್ಯಾಗ ಹಿಡಸತೈತಿ. ನಿನ್ನ ಹೆಂಗ ಒಯ್ಯಲಿ?"

ಅವಳು ಕಣ್ಣೊರೆಸಿಕೊಂಡಳು.

"ನನ್ನ ಹೊರೂದ ಬ್ಯಾಡ್ರಿ. ನಾ ನಡದ ಬರತೇನಿ."