ಬೆನ್ನಿಗೊಂದು ಶಿಳ್ಳೆ

"ನನ್ನನ್ನ ಕತ್ತರಿಸಿ ಹಾಕಿದವರು ನೀವೇನಾ?"

ಎಡಿಟಿಂಗ್ ಕೋಣೆಯ ಬಾಗಿಲು ದಡಾರನೆ ತೆರೆದುಕೊಂಡಿತು. ಹೊರಗೆ ಸುಡುವ ಮಧ್ಯಾಹ್ನ. ಒಳಗೆ ಎಂದಿನ ಕತ್ತಲು. ಕಿಟಕಿಗೆ ಕಪ್ಪು ಬಟ್ಟೆ, ಮೇಜಿನ ಮೇಲೆ ಎರಡು ಪರದೆಗಳ ನೀಲಿ ಬೆಳಕು.

ಅವಳು ಕುರ್ಚಿ ತಿರುಗಿಸಿ ನೋಡಿದಳು.

ಆ ಮುಖ... ಎಡ ಹುಬ್ಬನ್ನು ಸೀಳಿದ ಹಳೆಯ ಗಾಯದ ಗೆರೆ, ಸಿಟ್ಟು ಬಂದಾಗ ಒಳಗೆ ಸರಿಯುವ ಕೆಳತುಟಿ. ತಿಂಗಳುಗಟ್ಟಲೆ ದಿನವೂ ನೋಡಿದ ಮುಖ. ಅವನು ಮಾತ್ರ ಅವಳನ್ನು ಇವತ್ತೇ ಮೊದಲು ನೋಡುತ್ತಿದ್ದ.

ಅವನು ಡ್ಯೂಪ್. ಸಿನಿಮಾದ ಮಹಾವೀರ ಕಟ್ಟಡದಿಂದ ಕಟ್ಟಡಕ್ಕೆ ಹಾರುವಾಗ ಆ ಕಪ್ಪು ನಿಲುವಂಗಿಯೊಳಗೆ ಇರುತ್ತಿದ್ದವನು ಇವನು. ಪರದೆಯ ಮೇಲೆ ಬೆನ್ನಷ್ಟೇ ಕಾಣಬೇಕು. ಅದಕ್ಕೇ ಸೆಟ್ಟಿನಲ್ಲಿ ಎಲ್ಲರೂ ಅವನನ್ನು 'ಬೆನ್ನು' ಎಂದೇ ಕರೆಯುತ್ತಿದ್ದರು. "ಬೆನ್ನು ಬಂತಾ? ಬೆನ್ನಿಗೆ ಟೀ ಕೊಡ್ರೋ!"

ಅವಳು ಎಡಿಟರ್. ಅವನ ಮುಖ ಎಲ್ಲಿ ಚೂರು ಇಣುಕಿದರೂ ಆ ತುಣುಕನ್ನು ಹುಡುಕಿ ತೆಗೆಯುವುದು ಅವಳ ಕೆಲಸ. ಅವಳ ಅಡ್ಡಹೆಸರು 'ಕತ್ತರಿ'.

"ನಿನ್ನೆ ಟ್ರಯಲ್ ಶೋಗೆ ನಮ್ಮಮ್ಮನ್ನ ಕರ್ಕೊಂಡು ಬಂದಿದ್ದೆ," ಎಂದ. "ಎಲ್ಲರೂ ಹೀರೋ ಮುಖ ನೋಡ್ತಾರೆ. ನಮ್ಮಮ್ಮ ಬೆನ್ನು ನೋಡಿ ಶಿಳ್ಳೆ ಹೊಡೀತಾರೆ. ನಿನ್ನೆ ಬೆರಳು ಬಾಯಲ್ಲಿಟ್ಕೊಂಡು ಕಾದಿದ್ದೇ ಬಂತು! ಅಷ್ಟೆತ್ತರದಿಂದ ಹಾರಿದ್ಯಲ್ಲ, ಎಲ್ಲೋಯ್ತೋ ಅದು ಅಂದ್ರು. ಏನು ಹೇಳಲಿ?"

"ಆ ಜಾಗದಲ್ಲಿ ಹೀರೋ ಸತ್ತ ತಂಗಿಯನ್ನ ನೆನೆಸಿಕೊಳ್ಳೋದಿದೆ. ಅದು ಸಾಕು."

"ಅಳೋಕೆ ಟಿಕೆಟ್ ಯಾಕೆ ಮೇಡಂ? ಮನೇಲೇ ಪುಕ್ಕಟೆ ಅಳಬಹುದು. ಜನ ಬರೋದು ಹಾರೋದನ್ನ ನೋಡೋಕೆ."

"ಮನಸ್ಸಲ್ಲಿ ಏನೂ ಇಲ್ಲದೆ ಹಾರಿದ್ರೆ ಅದು ಸರ್ಕಸ್ ಅಷ್ಟೆ."

"ಸರ್ಕಸ್ ನೋಡಿ ಅಳೋರನ್ನ ನೀವು ನೋಡಿಲ್ಲ ಬಿಡಿ!"

ಅವಳ ಕಣ್ಣು ಅವನ ಎಡಗೈಯ ಮೇಲಿತ್ತು. ಬಾಗಿಲ ಹಿಡಿಕೆಯ ಮೇಲೆ ಆ ಕೈ ಸುಮ್ಮನೆ ಒರಗಿತ್ತು, ಯಾರೋ ಮರೆತುಹೋದ ಕೈಗವಸಿನ ಹಾಗೆ.

*ನನ್ನ ಅನುಮಾನ ನಿಜ... ಅಯ್ಯೋ, ನಿಜ!*

ಹಾರುವ ಮುನ್ನ ಡ್ಯೂಪ್ ಎಡಗೈ ಎತ್ತಬೇಕು. ಅದು ಆ ಸೆಟ್ಟಿನ ಕಟ್ಟಳೆ. ಕೈ ಎತ್ತುವ ತನಕ ಫೈಟ್ ಮಾಸ್ಟರ್ ಕೂಡ 'ಆಕ್ಷನ್' ಅನ್ನುವಂತಿಲ್ಲ. ಮೊದಮೊದಲು ಅವನ ಕೈ ತಲೆಯ ಮೇಲಕ್ಕೆ ಹೋಗುತ್ತಿತ್ತು. ಆಮೇಲೆ ಭುಜದವರೆಗೆ. ಕೊನೆಯ ಹಾರಾಟದಲ್ಲಿ ಅವನು ಬಲಗೈ ಎತ್ತಿದ್ದ. ಸ್ಟೈಲ್ ಮಾಡ್ತಿದ್ದಾನೆ ಎಂದು ಎಲ್ಲರೂ ನಕ್ಕಿದ್ದರು. ಹಾರಿದ ಮೇಲೆ ಕ್ರೇನಿನ ಕಬ್ಬಿಣದ ಸರಳು ಹಿಡಿದದ್ದೂ ಬಲಗೈಯೊಂದೇ. ಎಡಗೈ ಸರಳನ್ನು ತಾಕಿ ಜಾರಿತ್ತು. ಸೊಂಟದ ತಂತಿ ಇದ್ದದ್ದಕ್ಕೆ ಬಚಾವು.

ಆ ಹಾರಾಟ ಸಿನಿಮಾದಲ್ಲಿ ಉಳಿದರೆ ಒಂದಲ್ಲ ಒಂದು ದಿನ ಯಾರಾದರೂ ಗಮನಿಸುತ್ತಾರೆ. ಕೈ ಸೋತ ಡ್ಯೂಪನ್ನು ಮತ್ತೆ ಯಾರೂ ಕರೆಯುವುದಿಲ್ಲ. ಅದಕ್ಕೇ ಅವಳು ಅದನ್ನು ಕಿತ್ತಿದ್ದಳು.

ಅವಳು ಬಾಯಿ ತೆರೆಯುವಷ್ಟರಲ್ಲಿ ಡೈರೆಕ್ಟರ್ ಒಳಗೆ ಬಂದರು. "ಏನಮ್ಮ ಕತ್ತರಿ, ಪ್ರೊಡ್ಯೂಸರ್ ನನ್ನ ತಲೆ ತಿಂತಿದ್ದಾರೆ. ಭಾವನೆ ಜಾಸ್ತಿಯಾಯ್ತು, ಹೊಡೆತ ಕಮ್ಮಿಯಾಯ್ತು ಅಂತ. ಆ ಹಾರಾಟ ಯಾಕೆ ಕಿತ್ತೆ?"

ಬೆನ್ನು ಅವಳನ್ನೇ ನೋಡುತ್ತಿದ್ದ. ನಿಜ ಹೇಳಿದರೆ ಅವನ ಅನ್ನಕ್ಕೆ ಕಲ್ಲು!

"ಅದು... ಖಾಲಿ ಇತ್ತು ಸಾರ್. ಅದರಲ್ಲಿ ಏನೂ ಇರಲಿಲ್ಲ."

ಅವನ ಮುಖ ಬಿಳಿಚಿತು.

"ಖಾಲಿನಾ?" ಡೈರೆಕ್ಟರ್ ತೊಡೆ ತಟ್ಟಿದರು. "ಹಾಗಾದ್ರೆ ತುಂಬೋಣ! ಇನ್ನೂ ಎರಡು ಮಹಡಿ ಮೇಲಿಂದ. ಒಂದೇ ಶಾಟ್, ನಡುವೆ ಕಟ್ ಇಲ್ಲ. ಸೊಂಟಕ್ಕೆ ತಂತಿ ಬೇಡ, ಕಟ್ಟಿದ್ರೆ ನಡಿಗೆಯಲ್ಲೇ ಗೊತ್ತಾಗುತ್ತೆ. ಏನಪ್ಪಾ ಬೆನ್ನು, ಧೈರ್ಯ ಇದೆಯಾ?"

"ನಾಳೆ ಬೆಳಿಗ್ಗೆನೇ ಇಟ್ಕೊಳ್ಳಿ ಸಾರ್," ಎಂದ ಅವನು. ಹೋಗುವಾಗ ಅವಳ ಕಡೆ ತಿರುಗಿದ. "ಖಾಲಿ ಅಂದ್ರಲ್ಲ... ನಾಳೆ ಬಂದು ನೋಡಿ."

ಬಾಗಿಲು ಮುಚ್ಚಿತು. ಉಳಿಸಲು ಹೋಗಿ ತಾನೇ ಅವನನ್ನು ಇನ್ನೂ ಎತ್ತರಕ್ಕೆ ಹತ್ತಿಸಿದ್ದಳು!

ಸಂಜೆಯೆಲ್ಲ ಫೋನ್ ಮಾಡಿದಳು. ಅವನು ಎತ್ತಲಿಲ್ಲ.

ಬೆಳಿಗ್ಗೆ ಅವಳು ಓಡುತ್ತಾ ಬಂದಾಗ, ಶೂಟಿಂಗಿಗೆ ಗೊತ್ತುಮಾಡಿದ್ದ ಅರ್ಧ ಕಟ್ಟಿ ಬಿಟ್ಟ ಕಟ್ಟಡದ ಸುತ್ತ ಗಾಳಿ ಎದ್ದಿತ್ತು. ಕ್ರೇನಿನ ತುದಿಯಲ್ಲಿ ಸರಳು ತೂಗಾಡುತ್ತಾ ಕಿರ್‍ರ್... ಕಿರ್‍ರ್... ಎನ್ನುತ್ತಿತ್ತು. ಆಂಬುಲೆನ್ಸ್ ಚಾಲಕ ಬಾಗಿಲು ತೆರೆದಿಟ್ಟು ಬಿಸ್ಕತ್ತು ತಿನ್ನುತ್ತಿದ್ದ. ಆಂಬುಲೆನ್ಸ್ ಚಾಲಕ ಬಾಗಿಲು ತೆರೆದಿಟ್ಟು ಬಿಸ್ಕತ್ತು ತಿನ್ನುತ್ತಿದ್ದ.

ತಾರಸಿಯ ಅಂಚಿನಲ್ಲಿ ಕಪ್ಪು ನಿಲುವಂಗಿ ಪಟಪಟಿಸುತ್ತಿತ್ತು. ಹಿಂದೆ ಒಂದು ಕ್ಯಾಮೆರಾ, ಪಿಸುಮಾತು ಕೇಳಿಸದಷ್ಟು ದೂರದಲ್ಲಿ ಕ್ಯಾಮೆರಾಮನ್.

"ಬಂದ್ರಾ? ಖಾಲಿ ಹಾರಾಟ ನೋಡೋಕೆ?"

"ನಿಮ್ಮ ಎಡಗೈ..." ಏದುಸಿರಿನಲ್ಲಿ ಅವಳು ಪಿಸುಗುಟ್ಟಿದಳು. "ಅದಕ್ಕೆ ಹಿಡಿತ ಇಲ್ಲ."

ಅವನು ಗಕ್ಕನೆ ತಿರುಗಿದ. "ಯಾರು ಹೇಳಿದ್ರು? ನಮ್ಮಮ್ಮಂಗೂ ಗೊತ್ತಿಲ್ಲ!"

"ಯಾರೂ ಹೇಳಲಿಲ್ಲ. ನಿಮ್ಮ ಮುಖ ಕತ್ತರಿಸೋದು ನನ್ನ ಕೆಲಸ. ಕತ್ತರಿಸೋಕೆ ಮುಂಚೆ ನೋಡಲೇಬೇಕಲ್ಲ... ನೋಡ್ತಾ ನೋಡ್ತಾ ಗೊತ್ತಾಯ್ತು. ಡೈರೆಕ್ಟರ್ ಮುಂದೆ ನಿಜ ಹೇಳೋಕಾಗದೆ ಖಾಲಿ ಅಂದೆ. ಸುಳ್ಳು! ಹಾರೋಕೆ ಮುಂಚೆ ನೀವು ತುಟಿ ಕಚ್ಚಿ ಒಂದು ಸಲ ಕೆಳಗೆ ನೋಡ್ತೀರಲ್ಲ, ಅಷ್ಟು ತುಂಬಿದ್ದು ನಾನು ಎಲ್ಲೂ ನೋಡಿಲ್ಲ."

"ಹಾಗಿದ್ರೆ ಅದನ್ನೂ ಕತ್ತರಿಸಿದ್ರಲ್ಲ?"

"ಕತ್ತರಿಸಿದ್ದನ್ನ ಬಿಸಾಡಿಲ್ಲ. ಎಲ್ಲಾ ಇಟ್ಕೊಂಡಿದೀನಿ. ಒಂದೂ ಬಿಡದೆ."

ಗಾಳಿ ಒಮ್ಮೆ ನಿಂತು ಮತ್ತೆ ಬೀಸಿತು. ಅವನ ಕಣ್ಣುಗಳಲ್ಲಿ ಏನೋ ಅಲ್ಲಾಡಿತು.

"ಹಾರದಿದ್ರೆ ನಾನು ಯಾರು ಹೇಳಿ? ನನಗೆ ಮುಖ ಅನ್ನೋದೇ ಇಲ್ಲ."

"ನನ್ನ ಹತ್ರ ಇದೆ."

ಕೆಳಗಿನಿಂದ ಫೈಟ್ ಮಾಸ್ಟರ್ ಮೈಕಿನಲ್ಲಿ ಕೂಗಿದ. "ಏ ಬೆನ್ನು! ಯಾರಮ್ಮ ಅದು ಫ್ರೇಮಲ್ಲಿ? ಸರೀರಿ! ಕ್ಯಾಮೆರಾ ಓಡ್ತಿದೆ. ಕೈ ಎತ್ತೋ!"

ಅವಳು ಹಿಂದೆ ಸರಿದಳು. ಇನ್ನು ತನ್ನ ಮಾತು ನಡೆಯುವ ಜಾಗವಲ್ಲ ಅದು. ಅವನು ಅಂಚಿಗೆ ಹೋಗಿ ನಿಂತ. ಬಲಗೈ ಮೇಲೇಳತೊಡಗಿತು...

ಕೈ ಅರ್ಧದಲ್ಲೇ ನಿಂತಿತು. ನಿಧಾನವಾಗಿ ಇಳಿಯಿತು.

ಅವನು ಅಂಚಿನ ಮೇಲೆ ಕುಳಿತ. ಕಾಲು ಇಳಿಬಿಟ್ಟು, ದಣಿದ ಮಗುವಿನ ಹಾಗೆ. ಕಪ್ಪು ನಿಲುವಂಗಿ ಅವನ ಸುತ್ತ ಕುಸಿದು ಬಿತ್ತು. ಭುಜಗಳು ಒಂದೇ ಒಂದು ಸಲ ಅಲುಗಿದವು.

"ಕಟ್! ಕಟ್ ಕಟ್!" ಡೈರೆಕ್ಟರ್ ಹೆಡ್‌ಫೋನ್ ಬಿಸಾಡಿದರು.

ಫೈಟ್ ಮಾಸ್ಟರ್ ಅವತ್ತೇ ಅವನನ್ನು ತಂಡದಿಂದ ಬಿಟ್ಟ. ಮುಂದಿನ ವಾರ ಬೇರೊಬ್ಬ ಡ್ಯೂಪ್ ಬಂದ. ಎರಡೂ ಕೈ ಗಟ್ಟಿಯಿದ್ದ ಅವನು ತಂತಿ ಇಲ್ಲದೆ ಹಾರುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿ, ತಂತಿ ಕಟ್ಟಿಸಿಕೊಂಡೇ ಹಾರಿದ.

ಬೇಡದ ಶಾಟುಗಳ ರಾಶಿಯಲ್ಲಿ ಆ ಕುಳಿತ ಬೆನ್ನು ಅವಳ ಮೇಜಿಗೆ ಬಂತು. ಅವಳು ಯಾರನ್ನೂ ಕೇಳಲಿಲ್ಲ. ತಂಗಿಯನ್ನು ನೆನೆದು ಅಳುವ ಹೀರೋವಿನ ದೊಡ್ಡ ಮುಖವನ್ನು ಪೂರ್ತಿ ಕಿತ್ತಳು. ಆ ಜಾಗದಲ್ಲಿ ಬೆನ್ನನ್ನು ಕೂರಿಸಿದಳು. ಮಾತಿಲ್ಲ, ಸಂಗೀತವಿಲ್ಲ, ಸರಳಿನ ಕಿರ್‍ರ್ ಮಾತ್ರ. ಅದರ ಬೆನ್ನಿಗೇ ಹಾರಾಟ.

ನೋಡಿದ ಡೈರೆಕ್ಟರ್ ಬಹಳ ಹೊತ್ತು ಕನ್ನಡಕ ಒರೆಸಿದರು.

"ಇದು ಹೊಡೆದಾಟವೋ, ಭಾವನೆಯೋ?"

"ಎರಡೂ ಸಾರ್. ಕೂರದೇ ಹಾರಿದ್ರೆ ಬರೀ ಹಾರಾಟ. ಹಾರದೇ ಹೋದ್ರೆ ಬರೀ ಕೂತದ್ದು."

"ಇರಲಿ ಬಿಡು," ಎಂದರು ಅವರು. ಧ್ವನಿ ಯಾಕೋ ಒದ್ದೆಯಾಗಿತ್ತು.

ಸಿನಿಮಾ ಬಿಡುಗಡೆಯಾದ ಮಧ್ಯಾಹ್ನ ಮೂವರೂ ಸಾಲಾಗಿ ಕುಳಿತಿದ್ದರು: ಅವನ ಅಮ್ಮ, ಅವನು, ಅವಳು. ಅವನಿಗೀಗ ಬೇರೊಂದು ತಂಡದಲ್ಲಿ ಬೇರೆ ಕೆಲಸ. ಹಾರುವವರ ತಂತಿಗಳನ್ನು ಪರೀಕ್ಷಿಸುತ್ತಾನೆ, ಅವನು 'ಹೂಂ' ಅನ್ನದೆ ಯಾರೂ ಅಂಚಿಗೆ ಹೋಗುವುದಿಲ್ಲ. ಕೈ ಮಾತ್ರ ವಾಸಿಯಾಗಿಲ್ಲ. ಜೋಮು ಈಗ ಭುಜ ದಾಟಿದೆ. ಎಲ್ಲಿಗೆ ನಿಲ್ಲುತ್ತದೋ ಡಾಕ್ಟರೂ ಹೇಳುತ್ತಿಲ್ಲ.

ಪರದೆಯ ಮೇಲೆ ಬೆನ್ನು ಕುಳಿತಿತು. ಇಡೀ ಚಿತ್ರಮಂದಿರ ಉಸಿರು ಬಿಗಿಹಿಡಿಯಿತು.

ಆ ಮೌನದಲ್ಲಿ ಒಂದೇ ಒಂದು ಶಿಳ್ಳೆ!

"ಅಮ್ಮಾ, ಹಾರೋದು ಇನ್ನೂ ಬಂದಿಲ್ಲ!" ಅವನು ನಾಚಿ ಪಿಸುಗುಟ್ಟಿದ.

"ಹಾರೋನು ನೀನಲ್ಲ ಅಂತ ಗೊತ್ತು ಕಣೋ," ಎಂದರು ಅಮ್ಮ ಸೆರಗಿನಿಂದ ಕಣ್ಣೊರೆಸುತ್ತಾ. "ಕೂತೋನಿಗೇ ಹೊಡೆದಿದ್ದು."

ಅವಳ ಕೈ ಕತ್ತಲಲ್ಲಿ ಅವನ ಎಡಗೈಯನ್ನು ಹುಡುಕಿತು. ತಣ್ಣಗಿತ್ತು ಅದು.

"ಆ ಕೈ ಬೇಡ," ಅವನು ಮೆಲ್ಲಗೆ ಹೇಳಿದ. "ಅದಕ್ಕೆ ನಿನ್ನನ್ನ ಹಿಡಿಯೋಕೆ ಆಗಲ್ಲ..."

"ಹಿಡಿಯೋ ಕೆಲಸ ನಂದು. ನೀನು ಸುಮ್ನೆ ಕೂತ್ಕೋ."

ಪರದೆಯ ಮೇಲೆ ಯಾರೋ ಹಾರಿದರು. ಜನ ಕೂಗಿದರು. ಅವಳು ಅತ್ತ ನೋಡಲಿಲ್ಲ. ಆ ಬೆಳಕಿನಲ್ಲಿ ಅವನ ಮುಖ ಪೂರ್ತಿ ಕಾಣುತ್ತಿತ್ತು.