ಐಸ್ ಬಾಕ್ಸಿನ ತಳದ ಊಟ

ಅವಳಿಗೆ ಒಂದು ಸಣ್ಣ ಚಿಂತೆ ಇತ್ತು. ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದಲ್ಲ. ಹೇಳಿದರೆ ನಗುತ್ತಾರೆ.

ಹೊರಗಿನವರ ಎದುರು ಕೂತರೆ ಅವಳಿಗೆ ತುತ್ತು ಗಂಟಲಲ್ಲಿ ಇಳಿಯುವುದೇ ಇಲ್ಲ!

ಅಡುಗೆ ಮಾಡು ಅಂದರೆ ಎಷ್ಟು ಜನಕ್ಕಾದರೂ ಮಾಡಿಯಾಳು. ಆದರೆ ತಾನು ಮಾಡಿದ್ದನ್ನು ಇನ್ನೊಬ್ಬರು ಬಾಯಿಗಿಡುವುದನ್ನು ಅಲ್ಲೇ ಕೂತು ನೋಡುವುದಿದೆಯಲ್ಲ... ರಿಸಲ್ಟ್ ಬರುವ ದಿನ ನೋಟಿಸ್ ಬೋರ್ಡಿನ ಮುಂದೆ ನಿಂತ ಹಾಗೆ ಎದೆ ಢವಢವ.

ಈಗ ಮನೆಯವರೆಲ್ಲ ಕೆರೆಯ ಪಕ್ಕ ಟೆಂಟ್ ಹಾಕಿಕೊಂಡು ಎರಡು ರಾತ್ರಿ ಇದ್ದು ಬರುವುದೆಂದು ತೀರ್ಮಾನವಾಗಿತ್ತು. ಅಣ್ಣ, ಅತ್ತಿಗೆ, ಅಜ್ಜಿ ಮತ್ತು ಅವಳು. ಅಡುಗೆ ಪೂರ್ತಿ ಅವಳ ಪಾಲಿಗೆ. ಅಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು.

"ಟೆಂಟ್ ಅಂಗಡಿಯವನು ನನ್ನ ಹಳೇ ಫ್ರೆಂಡು. ಅವನೂ ಬರ್ತಾನಂತೆ. ಬಾಡಿಗೆ ಬೇಡ, ಮನೆ ಊಟ ಹಾಕಿದ್ರೆ ಸಾಕು ಅಂದ," ಎಂದಿದ್ದ ಅಣ್ಣ.

"ಪಾಪ, ಎಷ್ಟು ಅಗ್ಗಕ್ಕೆ ಸಿಕ್ಕಿಬಿದ್ದ ನೋಡು!" ಎಂದಿದ್ದಳು ಅಜ್ಜಿ.

ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಮೆಲ್ಲು ಅಂತ. ಅಷ್ಟು ಮೆಲ್ಲಗೆ ಮಾತು. ಡಿಗ್ರಿ ಪಾಸಾದ ದಿನ ಅವಳು "ಪಾಸಾದೆ" ಅಂದದ್ದು ಅಜ್ಜಿಗೆ ಕೇಳಿಸಿದ್ದು ಮಾರನೇ ದಿನ ಎಂದು ಅತ್ತಿಗೆ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಟೆಂಟ್ ನೋಡಲು ಅಂಗಡಿಗೆ ಹೋದಾಗ ಜೊತೆಗೆ ಬಂದ ಅಣ್ಣ ಫೋನಿನಲ್ಲಿ ಮಾತಾಡುತ್ತ ಬಾಗಿಲಲ್ಲೇ ನಿಂತುಬಿಟ್ಟ. ಒಳಗೆ ಯಾರೂ ಕಾಣಲಿಲ್ಲ. ಕ್ಯಾನ್ವಾಸ್ ಬಟ್ಟೆಯ ವಾಸನೆ, ಸುತ್ತಿಟ್ಟ ಹಗ್ಗಗಳು, ನಡುವೆ ಬಿಚ್ಚಿ ನಿಲ್ಲಿಸಿದ ದೊಡ್ಡ ಹಸಿರು ಟೆಂಟು.

ಇದೇ ಇರಬೇಕು ನಮ್ಮದು... ಸ್ಟವ್ ಎಲ್ಲಿಡೋದು ಹಾಗಾದರೆ?

ಬಗ್ಗಿ ಒಳಗೆ ಕಾಲಿಟ್ಟಳು. ಕಾಲಡಿ ಏನೋ ಮೆತ್ತಗೆ ಸಿಕ್ಕಿತು.

"ಮ್ಮ್ಮ್!"

ಕೈ! ಒಬ್ಬ ಮನುಷ್ಯನ ಕೈ! ನೆಲದಲ್ಲಿ ಅಂಗಾತ ಮಲಗಿ, ಹಲ್ಲಲ್ಲಿ ದಾರ ಕಚ್ಚಿಕೊಂಡು ಅವನು ಟೆಂಟಿನ ಬದಿಯ ಬಟ್ಟೆಗೆ ಹೊಲಿಗೆ ಹಾಕುತ್ತಿದ್ದ.

"ಅಯ್ಯೋ! ಸಾರಿ... ಸಾರಿ ಸಾರಿ..."

ಅವನು ಎದ್ದು ಕೂತು ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿಕೊಂಡ. "ಎಲ್ಲಾ ಇದಾವೆ. ಏನು ಬೇಕಿತ್ತು?"

ಓಡಿಹೋಗೋಣ ಅನ್ನಿಸಿತು. ಆದರೆ ಬಾಗಿಲಿಗೆ ಅಡ್ಡ ಅವನ ಕಾಲುಗಳೇ ಇದ್ದವು.

"ಇದರೊಳಗೆ... ಸ್ಟವ್ ಇಡಬಹುದಾ?"

"ಇಡಬಹುದು. ಆದ್ರೆ ಟೆಂಟ್ ವಾಪಸ್ ತಂದುಕೊಡೋಕೆ ನಿಮ್ಮನೇಲಿ ಯಾರೂ ಉಳಿಯಲ್ಲ."

ಅವಳಿಗೆ ತಡೆಯಲಾಗಲಿಲ್ಲ. ಪಕ್ಕನೆ ನಗು ಬಂತು. ಅಪರಿಚಿತನ ಮುಂದೆ ಸದ್ದು ಬರುವಂತೆ ನಕ್ಕಿದ್ದೇ ಅವಳಿಗೆ ಹೊಸದು! ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವನೂ ನಕ್ಕ. ಆಮೇಲೆ ತುಂಬ ಶ್ರದ್ಧೆಯಿಂದ, ಗಾಳಿ ಯಾವ ಕಡೆಯಿಂದ ಬೀಸುತ್ತೆ ಅಂತ ಹೇಗೆ ತಿಳಿಯೋದು, ಟೆಂಟಿನಿಂದ ಎಷ್ಟು ದೂರದಲ್ಲಿ ಬೆಂಕಿ ಹಚ್ಚಬೇಕು, ಎಲ್ಲ ಹೇಳಿಕೊಟ್ಟ.

"ಅಡುಗೆ ನೀವೇನಾ?"

"ಹೂಂ."

"ಹಾಗಾದ್ರೆ ಖಂಡಿತ ಬರ್ತೀನಿ."

ಅಷ್ಟೇ ಮಾತು. ಮನೆಗೆ ಬಂದ ಮೇಲೂ ಅವಳ ಕಿವಿ ಬೆಚ್ಚಗೇ ಇತ್ತು.

ಆ ವಾರ ಅವಳಿಗೆ ಅಂಗಡಿಯಲ್ಲಿ ಏನೇನೋ ಕೆಲಸ ಹುಟ್ಟಿಕೊಂಡವು. ಒಂದು ದಿನ ಟೆಂಟಿನ ಗೂಟ ಬೇಕಾಯಿತು. ಇನ್ನೊಂದು ದಿನ ಸ್ಟವ್‌ಗೆ ಗಾಳಿ ತಡೆಯುವ ತಗಡು. ಆಮೇಲೆ ಮತ್ತೆ ಗೂಟ.

"ಎಷ್ಟು ಗೂಟ ತರ್ತೀಯೇ? ಊರನ್ನೇ ಕಟ್ಟಿಹಾಕ್ತೀಯಾ?" ಎಂದಳು ಅತ್ತಿಗೆ. "ಅಥವಾ ಒಬ್ಬರನ್ನೇನಾ?"

"ಅತ್ತಿಗೆ, ಸುಮ್ನಿರಿ..."

ಹಾಗೆ ಹೋದಾಗಲೇ ಒಮ್ಮೆ ಊಟದ ಮಾತು ಬಂದಿತ್ತು. ಅವನು ಹೊಲಿಗೆ ಮಿಷನ್ನಿನ ಪಕ್ಕ ನಿಂತೇ ಬ್ರೆಡ್ ತಿನ್ನುತ್ತಿದ್ದ. "ನಂಗೆ ಅಣಬೆ ಅಂದ್ರೆ ಪ್ರಾಣ. ಆದ್ರೆ ಒಬ್ಬನಿಗೆ ಅಂತ ಒಂದು ಪ್ಯಾಕೆಟ್ ತಂದ್ರೆ ಅರ್ಧ ಹಾಳಾಗುತ್ತೆ. ತರೋದೇ ಬಿಟ್ಟಿದೀನಿ," ಎಂದಿದ್ದ ಸುಮ್ಮನೆ.

ಅವಳ ಮನೆಯಲ್ಲಿ ಅಣಬೆಯನ್ನು ಯಾರೂ ಮುಟ್ಟುವುದಿಲ್ಲ. ಅಜ್ಜಿಗಂತೂ ಅದು ಸೈಕಲ್ ಟ್ಯೂಬ್ ಜಗಿದ ಹಾಗಂತೆ.

ಆದರೂ ಹೊರಡುವ ಹಿಂದಿನ ದಿನ ಮೆಲ್ಲು ಅಣಬೆ ತಂದಳು.

ಅವಳ ಅಡುಗೆಗೆ ಒಂದು ಕ್ರಮವಿತ್ತು. ಅಲ್ಲಿ ಹೋಗಿ ಹೆಚ್ಚಿ, ರುಬ್ಬಿ ಒದ್ದಾಡುವ ಬದಲು ಎಲ್ಲವನ್ನೂ ಮನೆಯಲ್ಲೇ ಮಾಡಿ, ಕವರಿಗೆ ತುಂಬಿ, ಪುಸ್ತಕದ ಹಾಗೆ ಚಪ್ಪಟೆಯಾಗಿ ಫ್ರೀಜರಿನಲ್ಲಿ ಗಟ್ಟಿ ಮಾಡಿದಳು. ಮೊದಲ ರಾತ್ರಿಗೆ ಟೊಮ್ಯಾಟೊ ಸೂಪು, ಮಾರನೇ ದಿನಕ್ಕೆ ಹುರುಳಿಕಾಯಿ, ಬಟಾಣಿ ಹಾಕಿದ ಗ್ರೇವಿ. ಕೊನೇ ದಿನದ ಮಧ್ಯಾಹ್ನಕ್ಕೆ ಮೆಣಸಿನ ಪುಡಿ ಹಾಕಿದ ಅಣಬೆ. ಮೊದಲು ಬೇಕಾದದ್ದು ಐಸ್ ಬಾಕ್ಸಿನಲ್ಲಿ ಮೇಲೆ, ಕೊನೆಗೆ ಬೇಕಾದದ್ದು ತಳದಲ್ಲಿ. ಬೇರೆ ಐಸೇ ಬೇಡ, ಒಂದಕ್ಕೊಂದು ತಂಪು ಕೊಡುತ್ತ, ಬೇಕಾದ ಹೊತ್ತಿಗೆ ಸರಿಯಾಗಿ ಒಂದೊಂದೇ ಕರಗುತ್ತವೆ. ಬಿಸಿ ಮಾಡಿದರೆ ಮುಗಿಯಿತು.

ಎಂಥ ಲೆಕ್ಕಾಚಾರ! ಆದರೆ ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಯಾರೂ ಕೇಳಿರಲಿಲ್ಲವಲ್ಲ...

ಕೆರೆಯ ಪಕ್ಕ ಆಗಲೇ ಬೇರೆ ಮನೆಯವರ ಟೆಂಟುಗಳು ಸಾಲಾಗಿ ನಿಂತಿದ್ದವು. ಅವನು ಬೈಕಿನಲ್ಲಿ ಮೊದಲೇ ಬಂದು ತಲುಪಿದ್ದ. ಇವರ ಕಾರು ಬಂದ ಕೂಡಲೇ ಸಾಮಾನೆಲ್ಲ ಇಳಿಸಿದ. ಅಣ್ಣ, ಅತ್ತಿಗೆ ಕೆರೆಯ ದಂಡೆಯ ಕಡೆ ಹೊರಟರೆ, ಅವಳು ಅಜ್ಜಿಯನ್ನು ಕರೆದುಕೊಂಡು ನಲ್ಲಿ ಎಲ್ಲಿದೆ ಎಂದು ನೋಡಲು ಹೋದಳು. ಅಜ್ಜಿ ದಾರಿಯುದ್ದಕ್ಕೂ ಎಲ್ಲರ ಟೆಂಟಿನೊಳಗೂ ಇಣುಕುತ್ತ, ಎಲ್ಲರನ್ನೂ ಮಾತಾಡಿಸುತ್ತ ನಡೆದದ್ದರಿಂದ ವಾಪಸ್ ಬರುವಾಗ ತುಂಬ ಹೊತ್ತಾಗಿತ್ತು.

ಬಂದು ನೋಡಿದರೆ...

ಐಸ್ ಬಾಕ್ಸಿನ ಬಾಯಿ ತೆರೆದಿತ್ತು. ಅದರೊಳಗಿದ್ದ ಅಷ್ಟೂ ಕವರುಗಳು ಬಂಡೆಯ ಮೇಲೆ, ಉರಿಬಿಸಿಲಿನಲ್ಲಿ, ಬಟ್ಟೆ ಒಣಗಿಸಿದ ಹಾಗೆ ಸಾಲಾಗಿ ಮಲಗಿದ್ದವು. ಎಲ್ಲವೂ ಕರಗಿ ನೀರಾಗಿದ್ದವು.

"ಬಂದ್ರಾ?" ಅವನು ಹೆಮ್ಮೆಯಿಂದ ಕೈ ಒರೆಸಿಕೊಂಡ. "ಎಲ್ಲಾ ಕಲ್ಲಾಗಿಬಿಟ್ಟಿತ್ತು! ತಿನ್ನೋಕೆ ತಂದಿದ್ದೋ, ಗೋಡೆ ಕಟ್ಟೋಕೋ ಅಂತ ಗೊತ್ತಾಗ್ಲಿಲ್ಲ. ರಾತ್ರಿಗೆ ನಿಮಗೆ ಕಷ್ಟ ಆಗಬಾರದು ಅಂತ ಬಿಸಿಲಿಗೆ ಹಾಕಿದೆ."

ಒದ್ದೆಯಾದ ಟೆಂಟನ್ನು ಕಂಡರೆ ಬಿಸಿಲಿಗೆ ಹರಡುವ ಕೈ ಅದು. ಊಟ ಕಂಡರೂ ಅದನ್ನೇ ಮಾಡಿತ್ತು.

"ಅಯ್ಯೋ ದೇವರೇ!" ಆಗಷ್ಟೇ ಬಂದ ಅತ್ತಿಗೆ ಕೂಗಿದಳು. "ಮೂರು ದಿನದ ಊಟ ಕಣ್ರೀ ಅದು! ಇನ್ನು ಇಡೋಕಾಗಲ್ಲ. ಇವತ್ತೇ ತಿಂದು ಮುಗಿಸಬೇಕು, ಇಲ್ಲಾಂದ್ರೆ ಎಸೀಬೇಕು!"

ಅವನ ಮುಖ ಬಾಡಿತು. ಅವಳ ಕಡೆ ತಿರುಗಿದ. "ನಾನು... ನಂಗೆ ಗೊತ್ತಿರಲಿಲ್ಲ."

ಹೇಳು. ಏನಾದರೂ ಹೇಳು. ನಾನೇ ಮೊದಲು ಹೇಳಬೇಕಿತ್ತು ಅನ್ನು!

ಕಣ್ಣಲ್ಲಿ ನೀರು ಬಂದರೆ ಇನ್ನೂ ಅವಮಾನ. ಅವಳು ತುಟಿ ಬಿಗಿದು, ಕವರುಗಳನ್ನು ಎತ್ತಿಕೊಂಡು ಸ್ಟವ್ ಕಡೆ ನಡೆದುಬಿಟ್ಟಳು.

ಅವನು ಅದನ್ನು ಸಿಟ್ಟು ಎಂದುಕೊಂಡ.

ಊಟವನ್ನು ಎಸೆಯಲು ಅವಳಿಗೆ ಮನಸ್ಸಾಗಲಿಲ್ಲ. ಮೂರೂ ಪಾತ್ರೆ ಒಂದಾದ ಮೇಲೊಂದು ಕುದಿಯತೊಡಗಿದವು. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಪಕ್ಕದ ಟೆಂಟುಗಳಿಗೆಲ್ಲ ಹೋಗಿ ಬಂದಳು. "ತಟ್ಟೆ ನೀವೇ ತನ್ನಿ, ಹೊಟ್ಟೆನೂ ನೀವೇ ತನ್ನಿ, ಮಿಕ್ಕಿದ್ದು ನಮ್ಮದು!"

ಜನ ಬಂದರು. ಯಾರೋ ಬ್ರೆಡ್ ತಂದರು, ಯಾರೋ ಸೌತೆಕಾಯಿ, ಯಾರೋ ಬರೀ ಮಕ್ಕಳನ್ನು. ಸಂಜೆಯ ಬೆಳಕಿನಲ್ಲಿ ಹುಲ್ಲಿನ ಮೇಲೆ ದೊಡ್ಡ ಪಂಕ್ತಿಯೇ ಕೂತಿತು. ಅವಳು ಸ್ಟವ್ ಹಿಂದೆ ತಲೆ ತಗ್ಗಿಸಿ ನಿಂತಿದ್ದಳು. "ಯಾರಮ್ಮ ಮಾಡಿದ್ದು?" "ಇನ್ನೊಂದು ಸೌಟು ಹಾಕಿ!" ಎಂಬ ಮಾತುಗಳು ಕಿವಿಗೆ ಬೀಳುತ್ತಲೇ ಇದ್ದವು. ಬೇರೆ ದಿನವಾಗಿದ್ದರೆ ಹಿಗ್ಗಿಹೋಗುತ್ತಿದ್ದಳೇನೋ.

ಬಡಿಸುತ್ತಿದ್ದವನು ಅವನು. ತಪ್ಪು ತೀರಿಸುವವನ ಹಾಗೆ ಓಡಾಡುತ್ತ, ಒಂದು ತುತ್ತೂ ಬಾಯಿಗಿಡದೆ ಬಡಿಸುತ್ತಿದ್ದ. ಅಣಬೆಯ ಪಾತ್ರೆಯನ್ನೂ ಎತ್ತಿಕೊಂಡ. ಒಂದು ಸೌಟು ಅವರಿಗೆ, ಒಂದು ಸೌಟು ಇವರಿಗೆ...

ಬೇಡ... ಅದು ನಿಮಗೆ... ನಿಮಗೆ ಮಾತ್ರ...

ಒಳಗೇ ಕೂಗಿದಳು. ಪಾತ್ರೆ ಖಾಲಿಯಾಯಿತು. ಅವನು ಅದನ್ನು ತೊಳೆಯಲು ನಲ್ಲಿಯ ಕಡೆ ಹೊರಟ.

ಬೆಳಿಗ್ಗೆ ಅವಳು ಟೆಂಟಿನಿಂದ ಹೊರಬಂದಾಗ ಅವನ ಬ್ಯಾಗು ಬೈಕಿನ ಹಿಂದೆ ಕಟ್ಟಿಯಾಗಿತ್ತು.

"ಅಂಗಡೀಲಿ ಕೆಲಸ ಇದೆ ಕಣೋ," ಎನ್ನುತ್ತಿದ್ದ ಅಣ್ಣನಿಗೆ. "ನೀವು ಇರಿ. ನಾಳೆ ಟೆಂಟ್ ಬಿಚ್ಚೋಕೆ ಬರ್ತೀನಿ."

"ಇವತ್ತು ನಿನ್ನಂಗಡಿ ರಜಾ ಅಲ್ವೇನೋ?"

"ಅದೇ... ಒಳಗಿನ ಕೆಲಸ."

ಅವಳು ಕೈಯಲ್ಲಿ ಆಲೂಗಡ್ಡೆ ಹಿಡಿದುಕೊಂಡು ನಿಂತಲ್ಲೇ ನಿಂತಳು. ಉಳಿದಿದ್ದು ಅಷ್ಟೇ. ಆಲೂಗಡ್ಡೆ, ಈರುಳ್ಳಿ, ಅರ್ಧ ಬ್ರೆಡ್ಡು, ಒಂದಿಷ್ಟು ಮೊಟ್ಟೆ. ಅಜ್ಜಿ ಮಡಚುವ ಕುರ್ಚಿಯಲ್ಲಿ ಕೂತು ಇವಳನ್ನೇ ನೋಡುತ್ತಿದ್ದಳು.

"ನಮ್ಮನೇಲಿ ಆ ಸೈಕಲ್ ಟ್ಯೂಬು ಯಾರು ತಿಂತಾರೇ?"

"ಅಜ್ಜಿ..."

"ನಂಗೆ ಕಣ್ಣು ಮಂಜು. ಮೂಗು ನೆಟ್ಟಗಿದೆ. ಮೊನ್ನೆ ಮನೆಯೆಲ್ಲ ಅಣಬೆ ಘಮಘಮ ಅಂದಾಗಲೇ ಗೊತ್ತಾಯ್ತು ಯಾರಿಗೆ ಅಂತ. ಅವನಿಗೆ ಮಾತ್ರ ಗೊತ್ತಿಲ್ಲ. ನಿನಗೆ ಅವನ ಮೇಲೆ ಸಿಟ್ಟು ಅಂತ ತಿಳ್ಕೊಂಡು ಹೊರಟಿದಾನೆ ಆ ಹುಡುಗ."

"ಸಿಟ್ಟಾ? ನಂಗಾ?"

"ರಾತ್ರಿಯಿಡೀ ಮುಖ ಊದಿಸಿಕೊಂಡು ಕೂತ್ರೆ ಇನ್ನೇನು ತಿಳ್ಕೊಳ್ಳಬೇಕು?"

ಬೈಕು ಸ್ಟಾರ್ಟ್ ಆಯಿತು.

ಹೋಗಲಿ ಬಿಡು. ನಾಳೆ ಬರ್ತಾನಲ್ಲ, ಆಗ ಹೇಳಿದರಾಯ್ತು... ಎಂದಿತು ಹಳೆಯ ಮನಸ್ಸು. ನಾಳೆ ಬರುತ್ತಾನೆ, ಟೆಂಟ್ ಬಿಚ್ಚಿ ಸುತ್ತಿಕೊಂಡು ಹೋಗುತ್ತಾನೆ. ಆಮೇಲೆ ಅಂಗಡಿಗೆ ಹೋಗಲು ಯಾವ ನೆಪವಿರುತ್ತದೆ? ಗೂಟವೂ ಇಲ್ಲ!

ಅವಳು ಓಡಿದಳು. ಚಪ್ಪಲಿ ಹುಲ್ಲಿನಲ್ಲೇ ಉಳಿಯಿತು. ಬೈಕಿನ ಎದುರು ಹೋಗಿ ನಿಂತು ಏದುಸಿರು ಬಿಡುತ್ತ ಏನೋ ಅಂದಳು.

ಅವನು ಹೆಲ್ಮೆಟ್ಟಿನೊಳಗಿಂದ ತಲೆ ಅಲ್ಲಾಡಿಸಿದ. "ಏನು? ಕೇಳಿಸ್ತಿಲ್ಲ!"

ಅವಳು ಮತ್ತೆ ಅಂದಳು.

"ಏನೂ ಕೇಳಿಸ್ತಿಲ್ಲ ರೀ!"

"ಸಿಟ್ಟಿಲ್ಲ!!"

ಕೆರೆಯ ಪಕ್ಕದಲ್ಲಿದ್ದ ಕೊಕ್ಕರೆ ಹಾರಿಹೋಯಿತು. ಟೆಂಟುಗಳಿಂದ ಒಂದೊಂದೇ ತಲೆ ಹೊರಗೆ ಬಂತು. ಅತ್ತಿಗೆಯ ಬಾಯಿಯಲ್ಲಿ ಹಲ್ಲುಜ್ಜುವ ಬ್ರಷ್ಷು ಹಾಗೇ ನಿಂತಿತು.

ಅವನು ಬೈಕ್ ಆಫ್ ಮಾಡಿದ. ಹೆಲ್ಮೆಟ್ ತೆಗೆದ. ಕೂದಲೆಲ್ಲ ಕೆದರಿತ್ತು, ಕಣ್ಣು ಕೆಂಪಾಗಿತ್ತು. ಅವನಿಗೂ ನಿದ್ದೆಯಿಲ್ಲವೆಂದು ಅವಳಿಗೆ ಆಗ ಗೊತ್ತಾಯಿತು.

"ಮತ್ತೆ ನಿನ್ನೆ ಒಂದು ಮಾತೂ ಆಡಲಿಲ್ಲ?"

"ಅಳು ಬರ್ತಿತ್ತು."

"ನಿಮ್ಮ ಮೂರು ದಿನದ ಅಡುಗೆ ಹಾಳು ಮಾಡಿದೆ. ನಿಮ್ಮ ಕಣ್ಣೆದುರು ಇರೋಕೆ ನಾಚಿಕೆ ಆಯ್ತು. ನಾನಿದ್ರೆ ನಿಮಗೆ ತೊಂದರೆ ಅಂದ್ಕೊಂಡೆ."

"ತೊಂದರೆ ಹೌದು," ಎಂದಳು ಅವಳು.

ಅವನ ಮುಖ ಇಳಿಯಿತು.

"ನೀವು ಹತ್ತಿರ ಇದ್ರೆ ಉಪ್ಪು ಹಾಕಿದೀನೋ ಇಲ್ವೋ ಮರೆತುಹೋಗುತ್ತೆ. ಸೂಪಿಗೆ ಮನೇಲೇ ಹಾಕಿದ್ದೆ, ನಿನ್ನೆ ಬಿಸಿ ಮಾಡುವಾಗ ಮತ್ತೆ ಹಾಕಿದೆ. ಯಾರೂ ಹೇಳ್ಲಿಲ್ಲ, ಪಾಪ."

ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ನಂಗೆ ಗೊತ್ತಾಗ್ಲಿಲ್ಲ. ನಾನು ತಿಂದಿಲ್ಲ."

"ಅದೇ ಬೇಜಾರು ನಂಗೆ. ಅಷ್ಟು ಜನ ತಿಂದ್ರು. ನೀವು ತಿನ್ನಲಿಲ್ಲ."

"ನಾನು ತಿನ್ನದಿದ್ರೆ ಏನಾಯ್ತು?" ಅವನ ದನಿ ತೀರ ಮೆತ್ತಗಾಗಿತ್ತು. "ಹೇಳಿ. ನಾನು ಅವತ್ತು ಅಂಗಡೀಲಿ ಖಂಡಿತ ಬರ್ತೀನಿ ಅಂದಿದ್ದು ಊಟಕ್ಕಲ್ಲ. ನೀವು ನಕ್ಕಿದ್ದಕ್ಕೆ. ನಾನು ಹೇಳಿಯಾಯ್ತು. ಈಗ ನೀವು ಹೇಳಿ."

ಎಲ್ಲರೂ ನೋಡುತ್ತಿದ್ದರು. ಅಣ್ಣ, ಅತ್ತಿಗೆ, ಅಜ್ಜಿ, ನಿನ್ನೆ ಉಪ್ಪುಪ್ಪಾದ ಸೂಪು ಕುಡಿದ ಅಷ್ಟೂ ಜನ. ಬಾಯಿ ಮುಚ್ಚಿಕೊಳ್ಳಲು ಎದ್ದ ಕೈಯನ್ನು ಅವಳು ಅರ್ಧದಲ್ಲೇ ಇಳಿಸಿದಳು.

"ನಂಗೆ ನೀವಂದ್ರೆ ಇಷ್ಟ," ಎಂದಳು.